ಕೊನೆಯ ಸಾಲಿನ ಹೆಸರು

“ಸತ್ತವನ ಹಾಡು ಎದಿಗವಚಿಕೊಂಡು ಎಷ್ಟು ದಿನಾ ಕೂಡತೀ? ಏಳ! ಅಂದಾನೆಪ್ಪ ಮಾಸ್ತರು ಪಡಸಾಲಿಯೊಳಗ ಕಾಯಲಿಕತ್ತಾರ!”

ಅತ್ತೆ ಕಾಶೀಬಾಯಿಯ ಕೂಗಿಗೆ ಧನಶ್ರೀ ತಲೆ ಎತ್ತಲಿಲ್ಲ. ಬನಹಟ್ಟಿಯ ಆ ಬಾಡಿಗೆ ಮನೆಯ ಸುತ್ತ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಗಂಡ ದತ್ತಾತ್ರೇಯ ಬಸ್ಸಿನ ಅಪಘಾತದಲ್ಲಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ...

ದತ್ತನ ಮುತ್ತಜ್ಜ ಜಮಖಂಡಿಯ ಅರಮನೆಗೆ ಹಾಡು ಕಟ್ಟಿ ವರ್ಷದ ಜೋಳ ತರುತ್ತಿದ್ದರಂತೆ. ಅಜ್ಜನಿಗೆ ನಾಟಕ ಕಂಪನಿ ಊಟ ಹಾಕಿತು. ದತ್ತನ ಕಾಲಕ್ಕೆ ಅರಸರೂ ಇಲ್ಲ, ಕಂಪನಿಯೂ ಇಲ್ಲ. ಸಕ್ಕರೆ ಕಾರ್ಖಾನೆಯ ಸಮಾರಂಭಕ್ಕೆ ಸ್ವಾಗತಗೀತೆ, ಮದುವೆಗಳಿಗೆ ಮಂಗಳಾಷ್ಟಕ... ಹೀಗೆ ಕೇಳಿದ್ದನ್ನು ಕಟ್ಟಿಕೊಟ್ಟು ಮನೆ ನಡೆಸಿದ. ಮನಸ್ಸಿಗೆ ಬಂದು ಕಟ್ಟಿದ ಚೀಜುಗಳನ್ನು ಮಾತ್ರ ಯಾರಿಗೂ ಕೊಡಲಿಲ್ಲ. ರಾಗಕ್ಕೆ ಕಟ್ಟಿದ ಆ ಹಾಡುಗಳು ಈಗ ಹೆಂಡತಿಯ ಕಂಠದಲ್ಲಷ್ಟೇ ಇದ್ದವು. ಪ್ರತಿಯೊಂದರ ಕೊನೆಯ ಸಾಲಿನಲ್ಲೂ ಅವನ ಅಂಕಿತ: ದತ್ತ.

ಅಂದಾನೆಪ್ಪ ಸಂಗೀತ ಶಾಲೆ ನಡೆಸುವವನು. ಹಿಂದೊಮ್ಮೆ ಬಂದಾಗ ಧನಶ್ರೀಗೆ ಒಬ್ಬಳಿಗೇ ಹೇಳಿದ್ದ: “ನಿಮಗ ಕಾಯಂ ನೌಕರಿ ಕೊಡತೀನ್ರಿ ತಂಗಿ. ಹಾಡೆಲ್ಲಾ ನನಗ ಕಲಿಸ್ರಿ. ಅಂಕಿತ ಮಾತ್ರ ನಂದಿರಲಿ. ಅರಸರೂ ಕವಿಗಳ ಹಾಡಿಗೆ ತಮ್ಮ ಹೆಸರು ಹಾಕಿಸ್ಕೊಂಡಾರಲ್ರಿ?”

“ಬದುಕಿದ್ದವರ ಕಡಿಂದ ಹಾಕಿಸ್ಕೊಂಡ್ರು, ಮಾಸ್ತರ” ಎಂದು ಅಂದು ಅವಳು ಬಾಗಿಲು ತೋರಿಸಿದ್ದಳು.

ಈಗ ಎಪ್ಪತ್ತರ ಅತ್ತೆ ಕಂಡವರ ಮನೆಗೆ ಚಪಾತಿ ಲಟ್ಟಿಸಲು ಹೋಗುತ್ತಿದ್ದಳು. ಬೆರಳ ತುದಿಗಳೆಲ್ಲ ಸುಟ್ಟಿದ್ದವು. ನೌಕರಿ ಒಲ್ಲೆನ್ನುವುದು ಸೊಸೆಯ ಬರೀ ಸೊಕ್ಕು ಎಂದೇ ಅವಳು ತಿಳಿದಿದ್ದಳು. ಅಂಕಿತದ ಶರತ್ತನ್ನು ಧನಶ್ರೀ ಅವಳಿಗೆ ಹೇಳಿರಲೇ ಇಲ್ಲ.

ಧನಶ್ರೀ ಎದ್ದು ಪಡಸಾಲೆಗೆ ಹೋದಳು. ದತ್ತನಿಗೆ ಬಹಳ ಪ್ರೀತಿಯಾಗಿದ್ದ ಚೀಜನ್ನೇ ಮೊದಲು ಎತ್ತಿಕೊಂಡಳು. ‘ದತ್ತ ಕಾದಿಹ’ ಎಂಬ ಸಾಲು ಬಂದಾಗ ಅರೆಗಳಿಗೆ ತಡೆದು, ‘ಅಂದಾನ ಕಾದಿಹ’ ಎಂದು ಹಾಡಿದಳು. ಮಾಸ್ತರನಿಗೆ ತಾಳ ತಪ್ಪಿತು.

“ನಿಮ್ಮ ಹೆಸರು ಉದ್ದ ಆಗತದ. ಸ್ವಲ್ಪ ಮೊದಲ ಎತ್ತಿಕೊಳ್ರಿ, ಕೂಡತದ” ಎಂದಳು.

ಚಹಾ ತಂದ ಕಾಶೀಬಾಯಿ ಬಾಗಿಲಲ್ಲೇ ನಿಂತುಬಿಟ್ಟಳು.

“ಧನಶ್ರೀ... ನನ್ನ ದತ್ತೂನ ಹೆಸರು ಎಲ್ಲಿ ಹೋತು?”

“ನೌಕರಿಗೆ ಅದ ಶರತ್ತು, ಅತ್ಯಾ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಇವರನ್ನ ಒಳಗ ಕರೀತಿರಲಿಲ್ಲ. ನಾಳೆನೂ ಚಪಾತಿ ಲಟ್ಟಿಸಲಿಕ್ಕೆ ಹೋಗತಿದ್ರಿ.”

“ಬ್ಯಾಡ! ಹಾಡಬ್ಯಾಡ ನೀ! ನನ್ನ ಕೂಸಿನ ಹೆಸರು...”

ಅಂದಾನೆಪ್ಪ ಶಲ್ಯ ಕೊಡವಿ ಎದ್ದ. “ಬ್ಯಾಡಂದ್ರ ಬಿಡ್ರಿ ಅಮ್ಮಾರ. ನೌಕರಿಗೆ ಬ್ಯಾರೇದವರು ಅದಾರ.”

ಕಾಶೀಬಾಯಿ ಸೊಸೆಯ ಮುಖ ನೋಡಿದಳು. ಇಪ್ಪತ್ತೇಳರ ಹುಡುಗಿ... ಇನ್ನೂ ಎಷ್ಟು ಬಾಳುವೆ ಉಳಿದಿದೆ! ತನ್ನ ನಂತರ ಇವಳಿಗೆ ಯಾರು? ಆ ಮುದಿ ಕೈ ಬಟ್ಟಲನ್ನು ಮೆಲ್ಲನೆ ಮುಂದೆ ಚಾಚಿತು.

“ಕೂಡ್ರಿ, ಮಾಸ್ತರ... ಚಹಾ ಆರತದ.”

ಅವನು ಕುಳಿತ. ಅವಳೂ ಸೊಸೆಯ ಪಕ್ಕ ಕುಸಿದು ಕುಳಿತಳು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಹೊಸ ಹೆಸರು ತಾಳಕ್ಕೆ ಸರಿಯಾಗಿ ಕೂತಿತು.

“ಇಂಥಾವು ಇನ್ನ ಎಷ್ಟು ಅವ?” ಕಾಶೀಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು.

“ಭಾಳ ಅದಾವ್ರಿ, ಅತ್ಯಾ... ಭಾಳ ಕಟ್ಯಾರ.”