ಸೋಮವಾರ ಒದೆಯದ ಸಾರಸ

"ಒಳಗೆ ಬರ್ಬೇಡಿ! ನಿಂತ್ಕೊಳ್ಳಿ!"

ಚಿಹಾರು ಕೂಗುವಷ್ಟರಲ್ಲಿ ಹೊಸ ಪಶುವೈದ್ಯರು ನೆಲಕ್ಕೆ ಬಿದ್ದಾಗಿತ್ತು. ಅಂಗಿಯ ಮೇಲೆ ಕೆಸರಿನ ಎರಡು ಹೆಜ್ಜೆ. ಎದುರಿಗೆ ಗೆಂತಾ ರೆಕ್ಕೆ ಬಿಚ್ಚಿ ನಿಂತಿದ್ದ. ಕೆಂಪು ನೆತ್ತಿಯ ಗಂಡು ಸಾರಸ, ಇನ್ನೊಂದು ಒದೆತಕ್ಕೆ ತಯಾರು.

ಅವಳು ಬಿದಿರಿನ ಪೊರಕೆ ಹಿಡಿದುಕೊಂಡೇ ನಡುವೆ ನುಗ್ಗಿದಳು. ಅವಳನ್ನು ಕಂಡದ್ದೇ ತಡ, ಗೆಂತಾ ತಲೆ ಬಾಗಿಸಿ ಒಂದು ಸುತ್ತು ಕುಣಿದ!

"ಪೆಟ್ಟಾಯ್ತಾ ಡಾಕ್ಟ್ರೇ?"

"ಇಲ್ಲ... ಸ್ವಲ್ಪ. ಇವನು ಎಲ್ರಿಗೂ ಹೀಗೇನಾ?"

"ಗಂಡಸ್ರಿಗೆ ಮಾತ್ರ."

"ಸದ್ಯ! ನನ್ನ ಮೇಲೇ ಕೋಪ ಅನ್ಕೊಂಡೆ."

ಚಿಹಾರು ನಕ್ಕುಬಿಟ್ಟಳು. ಬೆಳಗಿನ ಹೊತ್ತು ಅವಳು ನಕ್ಕಿದ್ದನ್ನು ಹೊಕ್ಕೈಡೋದ ನಮ್ಮ ಪುಟ್ಟ ಮೃಗಾಲಯದಲ್ಲಿ ಯಾರೂ ನೋಡಿರಲಿಲ್ಲ.

ಆರು ವರ್ಷದ ಹಿಂದೆ ಗೆಂತಾನನ್ನು ಮೊಟ್ಟೆಯಿಂದ ಎತ್ತಿ ಬೆಳೆಸಿದವಳು ಅವಳೇ, ಪಾಲಕಿ ಚಿಹಾರು ಒಗಾತಾ. ಅವನ ಆವರಣದಷ್ಟು ಚೊಕ್ಕಟ ಜಾಗ ಇಡೀ ಮೃಗಾಲಯದಲ್ಲಿ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ಗುಡಿಸುತ್ತಿದ್ದಳು. ಗೆಂತಾ ಪುಂಡ ಎಂದು ಜನ ಆಡಿಕೊಂಡಾಗಲೆಲ್ಲ ಅವಳು ಇನ್ನೂ ಚೆನ್ನಾಗಿ ಗುಡಿಸುತ್ತಿದ್ದಳು. ಪಾಪ, ಅವಳಿಗೆ ಗೊತ್ತಿದ್ದ ಪ್ರೀತಿ ಅದು.

ಗೆಂತಾನ ಕಾಲಿನ ಊತ ನೋಡಲು ಆ ಹೊಸ ಪಶುವೈದ್ಯ ಕುರೊಸೆ ದಿನಾ ಎಂಟೂವರೆಗೆ ಬರತೊಡಗಿದರು. ದಿನಾ ಅವಳ ಎದುರಿಗೇ ಒದೆಸಿಕೊಂಡರು. ದಿನಾ ಅವಳಿಗೆ ಒಂದು ಡಬ್ಬಿ ಬಿಸಿ ಕಾಫಿಯನ್ನೂ ತಂದರು.

'ಯಾಕೆ ಬರ್ತಾರೆ ಇವರು... ಗೆಂತಾಗೋಸ್ಕರಾನಾ?' ಎಂಟೂವರೆ ಆಗುವುದನ್ನೇ ಅವಳು ಕಾಯತೊಡಗಿದ್ದಳು.

ಏಪ್ರಿಲ್ ಕೊನೆಗೆ ನಿರ್ದೇಶಕ ಇವಾಕಿ ಚಿಹಾರುವನ್ನು ಕರೆದು ಹೇಳಿದರು. "ಒಗಾತಾ-ಸಾನ್, ಗೆಂತಾನ ಒದೆತ ಹೆಚ್ಚಾಯ್ತು. ಮೇ ಮೊದಲ ವಾರದ ರಜೆ ಮುಗಿದ ಮೇಲೆ ಅವನನ್ನ ಹಿತ್ತಲಿನ ಪಂಜರಕ್ಕೆ ಹಾಕೋಣ. ನಾಳೆ ಸಭೆಯಲ್ಲಿ ತೀರ್ಮಾನ ಮಾಡ್ತೀವಿ."

ಹಿತ್ತಲಿನ ಪಂಜರದ ಸೂರು ತಲೆಗೆ ತಾಗುವಷ್ಟು ತಗ್ಗು. ಅಲ್ಲಿ ಹಾರಿ ಕುಣಿಯುವ ಹಾಗಿಲ್ಲ.

ಚಿಹಾರು ಕುರೊಸೆಗೆ ಹೇಳಲೆಂದು ಓಡಿದಳು. ಅವರು ಕೋಣೆಯಲ್ಲಿರಲಿಲ್ಲ. ಮೇಜಿನ ಮೇಲೆ ತೆರೆದ ಪುಸ್ತಕ... 'ಏಪ್ರಿಲ್ 9, ದಾಳಿ. 10, ದಾಳಿ. 11, ದಾಳಿ...' ಪುಟದ ತುಂಬಾ ಅದೇ!

'ಸಾಕ್ಷಿ ಕೂಡಿಡೋಕೆ ಬರ್ತಿದ್ದದ್ದಾ? ನಾನೊಬ್ಬಳು ಪೆದ್ದಿ!'

"ಒಗಾತಾ-ಸಾನ್?" ಬಾಗಿಲಲ್ಲಿ ಕುರೊಸೆ, ಕೈಯಲ್ಲಿ ಕಾಫಿ ಡಬ್ಬಿ.

"ನಿಮ್ಮ ಕಾಫಿ ನೀವೇ ಕುಡೀರಿ ಡಾಕ್ಟ್ರೇ."

ಮರುದಿನ ಸಭೆಯಲ್ಲಿ ಅವಳು ಅವರ ಮುಖ ನೋಡಲಿಲ್ಲ. ಕುರೊಸೆ ಎದ್ದುನಿಂತು ಪುಸ್ತಕ ತೆರೆದರು.

"ಹದಿನೆಂಟು ಸಲ ಒದ್ದಿದ್ದಾನೆ. ಸೋಮವಾರ ಒಂದು ಸಲಾನೂ ಒದ್ದಿಲ್ಲ."

ಸೋಮವಾರ ಚಿಹಾರುವಿಗೆ ರಜೆ. ಹಿಂದೆಲ್ಲ ಅಂದು ಬೇರೆಯವರು ಬಾಗಿಲಾಚೆಯಿಂದ ಮೀನು ಎಸೆದು ಓಡುತ್ತಿದ್ದರು. ಈಗ ಕುರೊಸೆಯೇ ಒಳಗೆ ಹೋಗಿ ಕೊಡುತ್ತಿದ್ದರು.

"ಸೋಮವಾರ ಏನು ವಿಶೇಷ?" ಇವಾಕಿ ಕೇಳಿದರು.

ಕುರೊಸೆ ತಡವರಿಸಿದರು. "ಅವತ್ತು... ಯಾರೂ ಗುಡಿಸಲ್ಲ. ಮೂಲೆಯಲ್ಲಿ ಹುಲ್ಲು ಸೇರಿಸಿ ಅವನು ಗೂಡು ಕಟ್ತಾನೆ. ಒಗಾತಾ-ಸಾನ್ ಕೈಯಲ್ಲೇ ಬೆಳೆದೋನು, ಅವರೇ ತನ್ನ ಹೆಂಡ್ತಿ ಅಂತ ಅವನ ಲೆಕ್ಕ. ಹೆಂಡ್ತಿ ಮೇಲೆ ಕೈ ಮಾಡಲ್ಲ, ಪಾಪ. ಗೂಡು ಹೋದ ಸಿಟ್ಟೆಲ್ಲ ಆಮೇಲೆ ಬಂದೋರ ಮೇಲೆ."

ಸಭೆ ಗೊಳ್ಳೆಂದು ನಕ್ಕಿತು. ಚಿಹಾರು ನಗಲಿಲ್ಲ. ಎಷ್ಟು ವಸಂತ! ಎಷ್ಟು ಗೂಡು! ಕಸ ಎಂದುಕೊಂಡು ತಾನೇ...

ಹೊರಗೆ ಓಡಿಬಂದು ಅತ್ತುಬಿಟ್ಟಳು. ಕುರೊಸೆ ಹಿಂದೆಯೇ ಬಂದರು.

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಪ್ರೀತಿಯಿಂದ ಗುಡಿಸ್ತಿದ್ರಿ... ಅದೇ ತಪ್ಪು ಅಂತ ಹೇಗೆ ಹೇಳೋದು? ನಾಲ್ಕು ಸೋಮವಾರ ನೋಡಿ ಖಾತ್ರಿ ಮಾಡ್ಕೊಳ್ಳೋಣ ಅನ್ಕೊಂಡೆ. ಸಭೆ ಇಷ್ಟು ಬೇಗ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ನಾನು ನಿಮ್ಮನ್ನ ಏನೇನೋ ಅನ್ಕೊಂಡೆ. ತಪ್ಪಾಯ್ತು."

ಗುಡಿಸದೆ ಬಿಟ್ಟು ನೋಡಲು ರಜೆ ಮುಗಿಯುವವರೆಗೆ ಇವಾಕಿ ಗಡುವು ಕೊಟ್ಟರು. ಆಮೇಲೆ ತಾವೇ ಬಂದು ನೋಡುವುದಾಗಿ ಹೇಳಿದರು.

ಚಿಹಾರು ಪೊರಕೆಯನ್ನು ಕಪಾಟಿಗೆ ಹಾಕಿ ಬೀಗ ಜಡಿದಳು. ಹುಲ್ಲು ಹರಡಿತು, ನೋಡುವವರು ಮೂಗು ಮುರಿದರು. ಅವಳ ಕೈ ತುರಿಸುತ್ತಿತ್ತು, ಆದರೂ ತಡೆದುಕೊಂಡಳು. ಗೂಡು ಮೊಣಕಾಲೆತ್ತರ ಆಯಿತು.

ಗಡುವಿನ ದಿನ ಗೆಂತಾ ಗೂಡಿನಿಂದೆದ್ದು ಅವಳನ್ನು ನೋಡಿ ಕೂಗಿದ. ಗೂಡು ಕಾಯೋಕೆ ಈಗ ನಿನ್ನ ಸರದಿ ಅನ್ನುವ ಹಾಗೆ! ಚಿಹಾರು ಹುಲ್ಲಿನ ಪಕ್ಕ ಕುಳಿತಳು. ಕುರೊಸೆ ಮೆಲ್ಲಗೆ ಒಳಗೆ ಬಂದರು. ಬೇಲಿಯಾಚೆ ಇವಾಕಿ ಉಸಿರು ಬಿಗಿಹಿಡಿದು ನಿಂತಿದ್ದರು.

ಗೆಂತಾ ಕುರೊಸೆಯನ್ನು ಮೇಲಿಂದ ಕೆಳಗೆ ನೋಡಿದ. ಒಂದು ಹುಲ್ಲುಕಡ್ಡಿ ಎತ್ತಿ ಬೆನ್ನ ಹಿಂದಕ್ಕೆ, ಗೂಡಿನ ಕಡೆಗೆ ಎಸೆದ. ಆಮೇಲೆ ಮೀನು ತಿನ್ನಲು ಹೋದ. ಅಷ್ಟೇ.

"ಸರಿ, ಇಲ್ಲೇ ಇರ್ಲಿ," ಎಂದು ಇವಾಕಿ ಹೊರಟುಹೋದರು.

ಚಿಹಾರುವಿನ ಕಣ್ಣು ತುಂಬಿತು. ಕುರೊಸೆ ಅವಳ ಪಕ್ಕ ಕುಳಿತು ಗೆಂತಾನ ಕಡೆ ನೋಡುತ್ತಾ ಗಂಟಲು ಸರಿಮಾಡಿಕೊಂಡರು.

"ಗೆಂತಾನ ಒಂದು ಮಾತು ಕೇಳ್ಬೇಕಿತ್ತು. ನಿನ್ನ ಹೆಂಡ್ತಿನ ಸೋಬಾ ನೂಡಲ್ಸ್ ತಿನ್ನೋಕೆ ಕರ್ಕೊಂಡು ಹೋಗ್ಲಾ ಅಂತ."

"ಅವನನ್ನ ಯಾಕೆ ಕೇಳ್ತೀರಾ? ನನ್ನನ್ನ ಕೇಳಿ."

"ಕೇಳಿದ್ರೆ ಬರ್ತೀರಾ? ನೀವಂದ್ರೆ ನಂಗಿಷ್ಟ ಒಗಾತಾ-ಸಾನ್. ಮೊದಲನೇ ಒದೆತದಿಂದಾನೂ."

ಅವಳು ಅವರ ಅಂಗಿಗೆ ಅಂಟಿದ ಹುಲ್ಲುಕಡ್ಡಿ ತೆಗೆದಳು. ಎಸೆಯಲಿಲ್ಲ, ಗೂಡಿಗೆ ಸಿಕ್ಕಿಸಿದಳು.

"ಸೋಮವಾರ ಬನ್ನಿ," ಎಂದಳು. "ಅವತ್ತು ಯಾರೂ ಒದೆಯಲ್ಲ."