ಇಪ್ಪತ್ತಾರು ನಿಮಿಷ

"ನಿಮ್ಮ ಊರಲ್ಲಿ ಅಂಥದ್ದೇನಿದೆ?"

ಮೊದಲ ದಿನ, ಮೊದಲ ಮಾತೇ ಇದು!

ಅವಳು ಕಂಕುಳಲ್ಲಿದ್ದ ನಕ್ಷೆಯ ಸುರುಳಿಯನ್ನು ಮೇಜಿನ ಮೇಲೆ ಧಪ್ಪನೆ ಹಾಕಿದಳು. "ಮೂವತ್ತೆಂಟು ಸಾವಿರ ಜನ ಇದ್ದಾರೆ. ಸಾಕಾ, ಇನ್ನೇನಾದ್ರೂ ಬೇಕಾ?"

ಎದುರಿಗಿದ್ದ ಮನುಷ್ಯ ತಬ್ಬಿಬ್ಬಾದ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ತಪ್ಪು ತಿಳೀಬೇಡಿ... ನಿಮ್ಮ ಊರಿನ ಪರ ವಾದ ಮಾಡಬೇಕಾದವನು ನಾನೇ. ಏನೂ ಗೊತ್ತಿಲ್ದೆ ಹೇಗೆ ಮಾಡ್ಲಿ?"

ದೊಡ್ಡ ನಗರವೂ ಅದರ ಸುತ್ತಲಿನ ಎಂಟು ಪುರಸಭೆಗಳೂ ಸೇರಿ ತೆರೆದ ಜಂಟಿ ಯೋಜನಾ ಕಚೇರಿ ಅದು. ಅವನು ನಗರದ ಅಧಿಕಾರಿ. ಅವಳು ರೈಲು ಹಳಿಯಾಚೆಯ ಪುಟ್ಟ ಪುರಸಭೆಯಿಂದ ಬಂದ ನಕ್ಷೆ ಬರೆಯುವವಳು. ಕೈಯಲ್ಲಿ ಸದಾ ಅಳತೆಪಟ್ಟಿ ಇರುತ್ತಿದ್ದುದರಿಂದ ವಾರ ಕಳೆಯುವಷ್ಟರಲ್ಲಿ ಕಚೇರಿಯವರೆಲ್ಲ ಅವಳನ್ನು 'ಸ್ಕೇಲು' ಎಂದೇ ಕರೆಯತೊಡಗಿದರು.

ಕಚೇರಿಯ ಅಧ್ಯಕ್ಷೆ ನರೆಗೂದಲಿನ, ಕಡಿಮೆ ಮಾತಿನ ಹೆಂಗಸು. ಅವರದೊಂದು ನಿಯಮವಿತ್ತು.

"ನಮ್ಮೂರಿಗೇ ಬೇಕು ಅಂತ ಎಲ್ಲರೂ ಗಂಟಲು ಹರ್ಕೊಳ್ತಾರೆ. ಇಲ್ಲಿ ಹಾಗಿಲ್ಲ. ಇವರ ಪರ ಅವರು, ಅವರ ಪರ ಇವರು ವಾದಿಸಬೇಕು. ಪಕ್ಕದವರ ಕಷ್ಟ ನಿಮ್ಮ ಬಾಯಲ್ಲಿ ಬರ್ಲಿ. ಆಮೇಲೆ ಯೋಜನೆ."

ಪೂರ್ವ ಭಾಗಕ್ಕೆಲ್ಲ ಸೇರಿ ಒಂದೇ ಆಂಬುಲೆನ್ಸ್ ಕೇಂದ್ರ. ಅದು ನಗರದಂಚಿನ ಹೆದ್ದಾರಿಯ ಪಕ್ಕವೋ, ಹಳಿಯಾಚೆ ಅವಳ ಊರಿನಲ್ಲೋ? ಅವಳ ಊರಿನ ಪರ ಅವನು ಮಾತಾಡಬೇಕು. ನಗರದ ಪರ ಅವಳು!

ಎರಡು ತಿಂಗಳು ಅವನು ಅವಳ ಊರಿನ ಬೀದಿ ಬೀದಿ ಅಲೆದ. ಇಕ್ಕಟ್ಟಾದ ಓಣಿಗಳನ್ನು ಹೆಜ್ಜೆಯಲ್ಲಿ ಅಳೆದ. ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಕಚೇರಿಗೆ ಬಂದ ದಿನ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕು ವರ್ಷಗಳಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

'ನಗು ಬರುತ್ತೆ ನನಗೆ... ಇನ್ನೂ ಬರುತ್ತೆ!' ಎಂದು ಅವಳಿಗೇ ಆಶ್ಚರ್ಯವಾಯಿತು.

ಒಂದು ಮಧ್ಯಾಹ್ನ ನಕ್ಷೆಯ ಮೇಲೆ ಓಡಾಡುತ್ತಿದ್ದ ಅವನ ಬೆರಳು ರೈಲ್ವೆ ಗೇಟಿನ ಬಳಿ ನಿಂತಿತು.

"ದಾಖಲೆ ಪ್ರಕಾರ ಈ ಗೇಟು ಸರಾಸರಿ ನಾಲ್ಕು ನಿಮಿಷ ಮುಚ್ಚಿರುತ್ತೆ."

"ಇಪ್ಪತ್ತಾರು," ಅಂದಳು ಅವಳು.

"ಏನು?"

ಅವಳು ಯಾರಿಗೂ ಹೇಳದ ಮಾತು ಅಂದು ತಾನಾಗಿಯೇ ಹೊರಗೆ ಬಂತು.

"ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಎದೆನೋವು ಬಂತು, ನಗರದ ಆಸ್ಪತ್ರೆಗೆ ಕರ್ಕೊಂಡು ಹೊರಟೆ. ಅಣ್ಣ ಕೆಲಸದಲ್ಲಿದ್ದ. 'ಸೇತುವೆ ದಾರೀಲಿ ಹೋಗು, ಸುತ್ತಾದ್ರೂ ಪರವಾಗಿಲ್ಲ' ಅಂತ ಫೋನಲ್ಲಿ ಹೇಳಿದ. ನಾನು ಬುದ್ಧಿವಂತೆ ನೋಡಿ, ಗೇಟು ಹತ್ತಿರ ಅಂತ ಕಾರು ಇತ್ತ ತಿರುಗಿಸಿದೆ. ಗೂಡ್ಸ್ ರೈಲು ಸಿಗ್ನಲ್ ಸಿಗದೆ ಹಳಿ ಮೇಲೇ ನಿಂತುಬಿಡ್ತು. ಹಿಂದೆ ಸಾಲು ಸಾಲು ಲಾರಿ. ವಾಪಸ್ ಹೋಗೋಕೂ ಆಗ್ಲಿಲ್ಲ. ಇಪ್ಪತ್ತಾರು ನಿಮಿಷ... ಅಮ್ಮ ನನ್ನ ಕೈ ಹಿಡ್ಕೊಂಡೇ..."

ಅವಳು ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಅಣ್ಣನಿಗೆ ಸೇತುವೆ ದಾರೀಲೇ ಹೋದೆ ಅಂತ ಸುಳ್ಳು ಹೇಳಿದ್ದೀನಿ. ಇವತ್ತಿಗೂ."

ಅವನು ನೀರಿನ ಲೋಟವನ್ನು ಅವಳ ಹತ್ತಿರ ಸರಿಸಿ, ಅಳು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದ. ಪ್ರೀತಿ ಮೊಳೆತದ್ದು ಯಾವಾಗ ಅಂತ ಕೇಳಿದರೆ ಅವಳು ಆ ಲೋಟವನ್ನೇ ತೋರಿಸಿಯಾಳು.

ವಾದದ ದಿನ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಅವಳ ಅಣ್ಣ. ಪುರಸಭೆಯ ನೀರಿನ ಪಂಪು ನೋಡಿಕೊಳ್ಳುವವನು, ರಜೆ ಹಾಕಿ ಬಂದಿದ್ದ.

ಅವಳು ನಗರದ ಪರ ಎದ್ದು ನಿಂತಳು. ನಿಯಮ ನಿಯಮವೇ. "ರೈಲ್ವೆ ಗೇಟು ದೊಡ್ಡ ಅಡ್ಡಿಯಲ್ಲ. ದಾಖಲೆ ಪ್ರಕಾರ ಸರಾಸರಿ ನಾಲ್ಕು ನಿಮಿಷ."

'ಈಗ ಎದ್ದು ಹೇಳ್ತಾನೆ. ಯಾರ ಹೆಸರೂ ಎತ್ತದೆ ಇಪ್ಪತ್ತಾರು ಅಂತ ಹೇಳೇ ಹೇಳ್ತಾನೆ...'

ಅವನು ಎದ್ದ. ಅವಳ ಮುಖ ನೋಡಿದ. ಮೂರನೇ ಸಾಲಿನತ್ತ ನೋಡಿದ.

"ಗೇಟಿನ ವಿಷಯದಲ್ಲಿ... ನನ್ನದೇನೂ ಇಲ್ಲ," ಎಂದು ಕೂತುಬಿಟ್ಟ.

ಕೇಂದ್ರ ನಗರದ ಪಾಲಾಯಿತು.

ಹೊರಗೆ ಅಣ್ಣ ಕಿಡಿಕಿಡಿಯಾಗಿದ್ದ. "ಚೆನ್ನಾಗಿ ವಾದ ಮಾಡಿದೆ ಕಣೆ! ನಮ್ಮನೆ ಬೆಕ್ಕು ಪಕ್ಕದ ಮನೆಗೆ ಇಲಿ ಹಿಡಿದು ಕೊಟ್ಟ ಹಾಗೆ!"

ಅದಕ್ಕಿಂತ ಜೋರಾಗಿ ಚುಚ್ಚಿದ್ದು ಇನ್ನೊಂದು. ಮೆಟ್ಟಿಲ ಬಳಿ ಅವನನ್ನು ತಡೆದು ನಿಲ್ಲಿಸಿದಳು.

"ಕೊನೆಗೂ ನೀವು ನಗರದವರೇ, ಅಲ್ವಾ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಮರುದಿನದಿಂದ ಅವನ ಕುರ್ಚಿ ಖಾಲಿ. ರಜೆಯಂತೆ. 'ಹೋಗ್ಲಿ, ಪೀಡೆ ತೊಲಗಿತು' ಅಂದುಕೊಂಡಳು. ಅಂದುಕೊಂಡು, ದಿನಕ್ಕೆ ಹತ್ತು ಸಲ ಆ ಕುರ್ಚಿಯನ್ನೇ ನೋಡಿದಳು.

ಆ ಗೇಟಿನ ಕಡೆ ಅವಳು ಹೋಗಿ ನಾಲ್ಕು ವರ್ಷವಾಗಿತ್ತು. ಒಂಬತ್ತನೆಯ ದಿನ ಸೇತುವೆಯ ದುರಸ್ತಿಯಿಂದಾಗಿ ಬಸ್ಸು ಆ ದಾರಿ ಹಿಡಿಯಿತು. ಗೇಟು ಬಿದ್ದಿತ್ತು. ಕಣ್ಣು ಮುಚ್ಚಿಕೊಳ್ಳಬೇಕು ಅನ್ನುವಷ್ಟರಲ್ಲಿ ಕಂಡಿತು... ಗೇಟ್‌ಮನ್‌ನ ಕೋಣೆಯ ಪಕ್ಕ, ಕಲ್ಲಿನ ಮೇಲೆ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತ ಅವನು!

ಇಳಿದು ಓಡಿದಳು.

"ಇಲ್ಲೇನು ಮಾಡ್ತಿದ್ದೀರಿ?"

ಅವನಿಗಿಂತ ಮೊದಲು ಗೇಟ್‌ಮನ್ ಬಾಯಿ ಹಾಕಿದ. "ಒಂಬತ್ತು ದಿನದಿಂದ ಇದೇ ಕೆಲಸ ಕಣಮ್ಮ. ಗೇಟು ಹಾಕಿದ್ರೆ ಗಡಿಯಾರ ನೋಡ್ತಾರೆ, ತೆಗೆದ್ರೆ ಬರ್ಕೋತಾರೆ. ತಲೆ ಸರಿ ಇದೆಯಾ ಅಂತ ನಾನೂ ಕೇಳ್ದೆ."

ಅವನ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಪುಸ್ತಕ ಮುಚ್ಚಿದ.

"ತೀರ್ಪು ಮರುಪರಿಶೀಲನೆಗೆ ಹತ್ತು ದಿನ ಸಮಯ ಇದೆ. ನಗರದ ಅಧಿಕಾರಿಯಾಗಿ ನಾನೇ ಅರ್ಜಿ ಹಾಕಿದ್ದೀನಿ. ಹೊಸ ಸಾಕ್ಷಿ ಬೇಕಂತೆ. ಇನ್ನೊಂದು ರೈಲು ಹಾಗೆ ನಿಂತಿದ್ರೆ ಸಾಕಿತ್ತು. ನಿಲ್ಲಲೇ ಇಲ್ಲ. ಹೆಚ್ಚೆಂದರೆ ಹನ್ನೊಂದು ನಿಮಿಷ... ಸಾಕಾಗಲ್ಲ."

"ಅವತ್ತೇ ಇಪ್ಪತ್ತಾರು ಅಂದಿದ್ದರೆ?"

"ಯಾವ ದಿನ ಅಂತ ಕೇಳ್ತಿದ್ರು. ಯಾರ ಗಾಡಿ ಅಂತ ಕೇಳ್ತಿದ್ರು. ನಿನ್ನಣ್ಣ ಅಲ್ಲೇ ಕೂತಿದ್ದ." ಅವನ ದನಿ ತಗ್ಗಿತು. "ಅದು ನಿನ್ನ ನೋವು. ಗೆಲ್ಲೋಕೆ ಅಂತ ನಾನು ಅದನ್ನ ಎತ್ಕೊಂಡು ಹೋಗಿ ಮೇಜಿನ ಮೇಲೆ ಇಡೋದು ಹೇಗೆ?"

ಮೆಟ್ಟಿಲ ಬಳಿ ಆಡಿದ ಮಾತು ಅವಳಿಗೆ ನೆನಪಾಯಿತು. 'ನಾನು ಇವನಿಗೆ ಏನಂದುಬಿಟ್ಟೆ!'

"ನಾಳೆ ಕೊನೆಯ ದಿನ, ಅಲ್ವಾ?"

"ಹೂಂ. ಆದ್ರೆ ನೀನು ಹೇಳ್ಲೇಬೇಕು ಅಂತೇನಿಲ್ಲ."

ಸಂಜೆ ಅಣ್ಣ ಅಡುಗೆಮನೆಯಲ್ಲಿ ಕೆಟ್ಟ ನಲ್ಲಿ ಬಿಚ್ಚುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಹೇಳಿದಳು. "ಅಣ್ಣ, ಅವತ್ತು ನಾನು ಸೇತುವೆ ದಾರೀಲಿ ಹೋಗ್ಲಿಲ್ಲ."

ಪೂರ್ತಿ ಹೇಳಿ ಮುಗಿಸುವವರೆಗೆ ಅವನು ತಿರುಗಲಿಲ್ಲ.

"ನಾಲ್ಕು ವರ್ಷ... ದಿನಾ ನನ್ನ ಎದುರಿಗೇ ಕೂತು ಊಟ ಮಾಡಿದ್ಯಲ್ಲೇ!"

ಅಷ್ಟೇ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಬೆಳಿಗ್ಗೆಯೂ ಅದನ್ನು ತೆಗೆಯಲಿಲ್ಲ.

ಸಭೆಯಲ್ಲಿ ಮೂರನೇ ಸಾಲಿನ ಆ ಜಾಗ ಖಾಲಿಯಿತ್ತು. ಅವಳು ಹೇಳಿದಳು. ದಿನ, ಸಮಯ, ಲಾರಿಗಳ ಸಾಲು, ಅಮ್ಮನ ತಣ್ಣಗಾಗುತ್ತಿದ್ದ ಬೆರಳು. ಆ ದಿನದ ರೈಲ್ವೆ ದಾಖಲೆ ತರಿಸಿ ನೋಡಿದರು; ಅಲ್ಲೂ ಇಪ್ಪತ್ತಾರೇ ಇತ್ತು.

ಕೇಂದ್ರ ನಗರದ ಕಡೆಯೇ ಉಳಿಯಿತು. ಅಲ್ಲಿ ಜನ ಹೆಚ್ಚು, ಅದನ್ನು ಅಲ್ಲಗಳೆಯುವಂತಿರಲಿಲ್ಲ. ಆದರೆ ಒಂದು ಆಂಬುಲೆನ್ಸ್ ಮತ್ತು ನಾಲ್ಕು ಹಾಸಿಗೆಯ ತುರ್ತು ಚಿಕಿತ್ಸಾ ಕೋಣೆ, ನಗರದ ಖರ್ಚಿನಲ್ಲಿ, ಹಳಿಯ ಆಚೆ, ಅವಳ ಊರಿನಲ್ಲಿ ಸದಾ ಇರಬೇಕು ಎಂದಾಯಿತು. ಗೆದ್ದೆವು ಅಂತ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಬಂದಾಗ ಅವನ ಕೈಯಲ್ಲೊಂದು ಪತ್ರವಿತ್ತು. ತನ್ನದೇ ನಗರದ ವಿರುದ್ಧ ಅರ್ಜಿ ಹಾಕಿದವನಿಗೆ ಜಂಟಿ ಕಚೇರಿಯಲ್ಲಿ ಇನ್ನು ಜಾಗವಿಲ್ಲ. ಸೋಮವಾರದಿಂದ ಹಳೆಯ ಕಡತಗಳ ವಿಭಾಗ.

"ನನ್ನಿಂದ ನಿಮಗೆ..."

"ನಿನ್ನಿಂದ ಏನೂ ಆಗಿಲ್ಲ. ಕೇಳು, ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಆ ಒಂಬತ್ತು ದಿನ ಗಡಿಯಾರ ನೋಡ್ತಾ ಒಂದೇ ಯೋಚನೆ... ಅವತ್ತು ಆ ಕಾರಲ್ಲಿ ನಿನ್ನ ಪಕ್ಕ ಯಾರೂ ಇರ್ಲಿಲ್ವಲ್ಲ ಅಂತ. ಇನ್ಮೇಲೆ ನಾನು ಇರ್ಬೇಕು. ನೀನು ಒಪ್ಪಿದ್ರೆ."

ಅವಳು ಅವನ ತೋಳಿನ ಬಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡಳು. ಹಿಡಿದದ್ದು ಬಿಡಲೂ ಇಲ್ಲ.

"ಮನೆಗೆ ಹೋಗೋಕೆ ಭಯ ಆಗ್ತಿದೆ," ಅಂದಳು ಕೊನೆಗೆ.

"ನಡಿ, ನಾನೂ ಬರ್ತೀನಿ."

"ಅಣ್ಣ ನಿಮ್ಮನ್ನೂ ಬೈತಾನೆ."

"ಬೈಲಿ. ಅಮ್ಮನನ್ನ ಕಳ್ಕೊಂಡಿದ್ದು ಅವನೂ ತಾನೆ."

"ಬಾಗಿಲೇ ತೆಗೀದಿದ್ರೆ?"

"ಮೆಟ್ಟಿಲ ಮೇಲೆ ಕೂರೋಣ."

"ಎಷ್ಟು ಹೊತ್ತು?"

ಅವನು ತೋಳಿನ ಮೇಲಿದ್ದ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ತೆಗೆಯೋವರೆಗೂ," ಅಂದ.