ಮೂರು ಸಲ ಕರೆದ ಧ್ವನಿ

ಸಾಕ್ಷ್ಯಚಿತ್ರ ಮಾಡುವುದು ನನ್ನ ಕೆಲಸ. ಈ ಒಂದು ನಿಮಿಷವನ್ನು ಮಾತ್ರ ಯಾವ ಚಿತ್ರದಲ್ಲೂ ಸೇರಿಸಲಾಗಲಿಲ್ಲ.

ಸಿಂದಗಿ ಕಡೆಯ ಊರೊಂದರಲ್ಲಿ, ಕಾಲುವೆ ನೀರಿನ ಗಲಾಟೆಯಲ್ಲಿ ಜನ ಸುಟ್ಟುಹಾಕಿದ್ದ ಸರಕಾರಿ ಕಚೇರಿಗೆ ಕಳೆದ ವರ್ಷ ಹೋಗಿದ್ದೆವು. ಬೆಂಕಿ ಬಿದ್ದ ದಿನ ಒಳಗಿದ್ದ ಜವಾನ ಶ್ರೀಶೈಲಪ್ಪ ಹೊರಗೆ ಬರಲೇ ಇಲ್ಲ. ಬೆಂಕಿ ಹಚ್ಚಿದ ಗುಂಪಿನಲ್ಲಿದ್ದ ಗೊಲ್ಲಾಳಪ್ಪ ಅದೇ ಕಚೇರಿಯ ಸುಟ್ಟ ಕೋಣೆಯಲ್ಲಿ, ಕ್ಯಾಮೆರಾದ ಮುಂದೆ ಕುಳಿತು, "ಒಳಗ ಮಂದಿ ಅದಾರಂತ ನಮಗ ಗೊತ್ತಿರಲಿಲ್ರಿ" ಎಂದ.

ಮಾತು ಮುಗಿದ ಮೇಲೆ ಕೋಣೆಯ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದು ನಮ್ಮ ಪದ್ಧತಿ. ಎಲ್ಲರೂ ಸುಮ್ಮನಾದೆವು. ಸೂರಿಲ್ಲದ ಕೋಣೆ, ಮಟಮಟ ಮಧ್ಯಾಹ್ನ. ಆದರೂ ಕಾಲ ಕೆಳಗಿನ ಫರಸಿಕಲ್ಲು ತಣ್ಣಗಾಯಿತು. ನನ್ನ ಹೆಡ್‌ಫೋನಿನಲ್ಲಿ ಸೀಲು ಒತ್ತುವ ಸದ್ದು ಕೇಳಿಸಿತು. ಆಮೇಲೆ, ಜವಾನರು ಬಾಗಿಲಲ್ಲಿ ನಿಂತು ಕರೆಯುವ ಹಾಗೆ, ಒಂದು ಧ್ವನಿ: "ಗೊಲ್ಲಾಳಪ್ಪಾ." ಅವಸರವಿಲ್ಲದೆ, ಮೂರು ಸಲ.

ಹೆಡ್‌ಫೋನು ಇದ್ದದ್ದು ನನಗೊಬ್ಬನಿಗೆ. ಆದರೆ ಗೊಲ್ಲಾಳಪ್ಪ ಎದ್ದ. ಚಪ್ಪಲಿ ಬಿಟ್ಟು, ಖಾಲಿ ಬಾಗಿಲಿಗೆ ಕೈಮುಗಿದು, "ಬಂದೆರಿ. ನನಗ ಗೊತ್ತಿತ್ರಿ" ಎಂದ. ಯಾಕೆಂದು ತಿಳಿಯದೆ ನಾವೆಲ್ಲ ಎದ್ದು ನಿಂತಿದ್ದೆವು.

ಆ ನಿಮಿಷವನ್ನು ಎಷ್ಟೋ ಸಲ ಕೇಳಿದ್ದೇನೆ. ಮೂರೂ ಕರೆಗಳು ಸ್ಪಷ್ಟವಾಗಿವೆ. ನಾವೆಲ್ಲ ಕೇಳಿದ ಅವನ ಉತ್ತರ ಮಾತ್ರ ಅದರಲ್ಲಿಲ್ಲ.